ಊರಿಗೂ ಒಂದು ಮಾತು ಹೇಳಿ

ದೊಡ್ಡಬಳ್ಳಾಪುರದ ಕಡೆಯ ಮನೆಗಳಲ್ಲಿ ಹೊಸಿಲು ದಾಟುವವರು "ಹೋಗ್ತೀನಿ" ಎನ್ನುವಂತಿಲ್ಲ. ಅಪ್ಪಿತಪ್ಪಿ ಬಾಯಿಗೆ ಬಂದರೆ ಒಳಗಿನಿಂದ ಯಾರಾದರೂ ತಿದ್ದುತ್ತಾರೆ: "ಹೋಗ್ತೀನಿ ಅನ್ಬಾರ್ದು, ಹೋಗ್ಬರ್ತೀನಿ ಅನ್ನು." ಮೂಲೆಯಂಗಡಿಗೆ ಹೊರಟ ಮಗುವಿಗೂ ಇದೇ ನಿಯಮ, ಮದುವೆಯಾಗಿ ಗಂಡನ ಮನೆಗೆ ಹೊರಟವಳಿಗೂ ಇದೇ. ಬರಿದೇ "ಹೋದರು" ಎಂದರೆ ಅದು ಸಾವಿನ ಸುದ್ದಿ. ಹಾಗಾಗಿ ಕನ್ನಡದಲ್ಲಿ ಹೊರಡುವ ಮಾತಿನೊಳಗೇ ಬರುವ ಮಾತೂ ಸೇರಿಕೊಂಡಿದೆ. "ವಿದಾಯ" ಎಂಬುದು ಪತ್ರಿಕೆಯ ತಲೆಬರಹಕ್ಕೆ, ನಿವೃತ್ತಿ ಸಮಾರಂಭದ ಬ್ಯಾನರಿಗೆ ಒದಗುವ ಪದ. ಅದನ್ನು ಯಾರೂ ಅಮ್ಮನಿಗೆ ಹೇಳುವುದಿಲ್ಲ.

ಹಾಗಾದರೆ ಇನ್ನು ಮರಳುವ ಭರವಸೆಯಿಲ್ಲದ ಊರಿಗೆ ಏನು ಹೇಳುವುದು? ಅದು ಹುಟ್ಟೂರಲ್ಲ, ಮನೆದೇವರ ಊರಲ್ಲ, ನೆಂಟರಿಷ್ಟರಿರುವ ಊರೂ ಅಲ್ಲ. ಎರಡೋ ಮೂರೋ ವರ್ಷ ಅನ್ನ ಕೊಟ್ಟ, ಕಡಲಾಚೆಯ ಒಂದು ಊರು. "ಹೋಗ್ಬರ್ತೀನಿ" ಎಂದರೆ ಸುಳ್ಳಾದೀತು. "ಹೋಗ್ತೀನಿ" ಎನ್ನಲು ನಾಲಗೆ ಏಳದು. ಏನೂ ಹೇಳದೆ ವಿಮಾನ ಹತ್ತಿದರೆ ಕದ್ದು ಓಡಿಬಂದ ಹಾಗೆ. ಮೇಲುನೋಟಕ್ಕೆ ಇದು ವೀಸಾ ಮುಗಿದವರ ಕಸಿವಿಸಿ. ಒಳಹೊಕ್ಕು ನೋಡಿದರೆ ಹಳೆಯದೊಂದು ಧರ್ಮಸೂಕ್ಷ್ಮ. ಮನುಷ್ಯ ಒಂದು ಊರಿಗೆ ಸಾಲಗಾರನಾಗಬಲ್ಲನೆ? ಬಿಟ್ಟು ಬರಲೇಬೇಕಾದ ಊರನ್ನು ಪ್ರೀತಿಸಿದ್ದು ಮೋಹವೆ? ಆ ಪ್ರೀತಿಗೆ ಕೊನೆಯಲ್ಲಿ ಒಂದು ಕ್ರಮ ಬೇಡವೆ?

ಪ್ರಶ್ನೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಂಗಳದಲ್ಲೇ ಬಿದ್ದಿದೆ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದಾಗಿನಿಂದ ಸುತ್ತಲಿನ ನಾಲ್ಕೂ ತಾಲ್ಲೂಕುಗಳಿಗೆ ಕಡಲಾಚೆ ಎಂಬುದು ಒಂದೋ ಎರಡೋ ಗಂಟೆಯ ಹಾದಿಯ ಆಚೆ ಬಂದು ಕೂತಿದೆ. ರಾಗಿ, ದ್ರಾಕ್ಷಿ, ಚಕ್ಕೋತದ ಸೀಮೆಯ ಸುಮಾರು 4,000 ಎಕರೆ ನೆಲ ಅದಕ್ಕೆ ಹೋಯಿತು. ಈಗ ಅಂತರರಾಷ್ಟ್ರೀಯ ವಿಮಾನಗಳು ಬಂದು ಹೋಗುವ ಎರಡನೇ ಟರ್ಮಿನಲ್ಲಿನ ಮುಂದೆ ಅಪರಾತ್ರಿಯಲ್ಲಿ ನಿಂತು ನೋಡಿದರೆ ಸಾಕು: ಒಬ್ಬ ಹುಡುಗನನ್ನು ಕಳುಹಿಸಲು ಟೆಂಪೋ ಟ್ರಾವೆಲರ್ ತುಂಬ ಮಂದಿ. ಹಣೆಗೆ ಕುಂಕುಮ, ಕೈಯಲ್ಲಿ ಪಾಸ್‌ಪೋರ್ಟು, ಅಜ್ಜಿಯ ಕಣ್ಣಲ್ಲಿ ನೀರು. ಹೊರಡುವವರಿಗೆ ಇಲ್ಲಿ ಬೇಕಾದಷ್ಟು ಶಾಸ್ತ್ರವಿದೆ. ಬರುವವರು ಬಿಟ್ಟು ಬಂದ ಊರಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿಯೊಬ್ಬಳು ಜರ್ಮನಿಯ ಡ್ರೆಸ್ಡನ್ನಿನಲ್ಲಿ ಜವಳಿ ಎಂಜಿನಿಯರಿಂಗ್ ಓದಿ ಬಂದಳು ಎಂದಿಟ್ಟುಕೊಳ್ಳಿ. ವಿದ್ಯುತ್ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದವಳು ಅಲ್ಲಿ ಮೊದಲ ತಿಂಗಳು ನಿದ್ದೆಗೆಟ್ಟದ್ದು ನಿಶ್ಶಬ್ದಕ್ಕೆ. ಆಮೇಲೆ ಎಲ್ಬೆ ನದಿಯ ದಂಡೆ, ಹಳದಿ ಬಣ್ಣದ ಟ್ರಾಮು, ಮೂಲೆಯ ಬೇಕರಿಯಲ್ಲಿ ಬೆಳಗಿನ ಬ್ರೆಡ್ಡಿನ ವಾಸನೆ ಎಲ್ಲವೂ ಅವಳದಾದವು. ಜರ್ಮನಿಗೆ ಹೋಗಿ ಮನೆ ಹಿಡಿದವರು ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಾಸದ ನೋಂದಣಿ ಮಾಡಿಸಬೇಕು. ದೇಶ ಬಿಡುವಾಗ ಅದನ್ನು ತೆಗೆಸಬೇಕು. ಅದಕ್ಕೆ ಅಬ್‌ಮೆಲ್ಡುಂಗ್ ಎನ್ನುತ್ತಾರೆ. ಅಲ್ಲಿಗೆ ಊರು ಅವಳ ಲೆಕ್ಕ ಮುಗಿಸುತ್ತದೆ. ಚೀಟಿಯ ಮೇಲೆ ಮೊಹರು ಬೀಳುತ್ತದೆ. ಅವಳ ಕಡೆಯ ಲೆಕ್ಕ?

ನಮ್ಮ ಜನ ಇಂಥ ಹೊತ್ತಿಗೆ ಒಂದು ಮಾತಾಡುತ್ತಾರೆ: "ಆ ಊರಿನ ಅನ್ನದ ಋಣ ತೀರಿತು." ನೀರಿನ ಋಣ ಎಂದೂ ಹೇಳುವುದುಂಟು. ವೇದಕಾಲದ ಪಟ್ಟಿಯಲ್ಲಿ ಮನುಷ್ಯ ಹುಟ್ಟುವಾಗಲೇ ಹೊತ್ತು ಬರುವ ಸಾಲಗಳು ಮೂರು: ದೇವಋಣ, ಋಷಿಋಣ, ಪಿತೃಋಣ. ಯಜ್ಞ, ಅಧ್ಯಯನ, ಸಂತಾನದಿಂದ ಅವು ತೀರುತ್ತವೆ. ಶತಪಥ ಬ್ರಾಹ್ಮಣ ನಾಲ್ಕನೆಯದನ್ನೂ ಸೇರಿಸಿತು: ಮನುಷ್ಯರ ಋಣ. ಮನೆಗೆ ಬಂದವರಿಗೆ ಜಾಗ ಕೊಟ್ಟು, ಉಣ್ಣಲಿಟ್ಟು ಅದನ್ನು ತೀರಿಸಬೇಕು. ಊರಿನ ಋಣ ಎಂಬುದು ಯಾವ ಪಟ್ಟಿಯಲ್ಲೂ ಬಿಡಿಯಾಗಿ ಕಾಣದು. ಅದು ಜನರ ನಾಲಗೆಯಲ್ಲಿ ಬೆಳೆದದ್ದು, ಬಹುಶಃ ಈ ನಾಲ್ಕನೆಯ ಋಣದ ಬೇರಿನಿಂದಲೇ. ಆದರೆ "ಋಣ ತೀರಿತು" ಎಂಬ ಮಾತಿನಲ್ಲಿ ಒಂದು ಜಾಣತನವಿದೆ, ಅದನ್ನು ಸುಮ್ಮನೆ ಒಪ್ಪಲಾಗದು. ಸಾಲ ತಾನೇ ತೀರಿಹೋಯಿತು ಎಂದರೆ ತೀರಿಸುವ ಕೆಲಸವೇ ಉಳಿಯುವುದಿಲ್ಲ. ಇನ್ನೊಬ್ಬರ ಊರಿನಲ್ಲಿ ಮೂರು ವರ್ಷ ಉಂಡವರು ಅಷ್ಟು ಸಲೀಸಾಗಿ ಕೈ ತೊಳೆದುಕೊಳ್ಳಬಹುದೆ?

ಈ ನೆಲಕ್ಕೂ ಒಂದು ಪರದೇಶದ ನಗರಕ್ಕೂ ಇನ್ನೂರ ಮೂವತ್ತು ವರ್ಷಕ್ಕೂ ಹಿಂದಿನ ನಂಟೊಂದಿದೆ. ದೇವನಹಳ್ಳಿ ಕೋಟೆಯಿಂದ ಸ್ವಲ್ಪ ಆಚೆ, ಟಿಪ್ಪು ಸುಲ್ತಾನ್ ಹುಟ್ಟಿದ ಜಾಗದಲ್ಲಿ ಕಲ್ಲುಕಂಬಗಳ ಸಣ್ಣ ಮಂಟಪವೂ ಒಂದು ಫಲಕವೂ ಇವೆ. ಅದೇ ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಬಳಿಗೆ ಮೂವರು ರಾಯಭಾರಿಗಳನ್ನು ಕಳುಹಿಸಿದ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಪುದುಚೇರಿಯಲ್ಲಿ ಹಡಗು ಹತ್ತಿದವರು ಮರುವರ್ಷದ ಜೂನ್‌ನಲ್ಲಿ ಫ್ರಾನ್ಸಿನ ತೂಲೊನ್ ಬಂದರು ಮುಟ್ಟಿ, ಅಲ್ಲಿಂದ ಪ್ಯಾರಿಸ್ ಸೇರಿದರು. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆಯ ದರ್ಶನವಾಯಿತು. ಬಯಸಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ದೊರಕಿದ್ದು ಕುಶಲಕರ್ಮಿಗಳು, ಗಿಡಗಳ ಬೀಜ, ಪಿಂಗಾಣಿಯ ಉಡುಗೊರೆ. ಮೈಸೂರಿನ ಮಸ್ಲಿನ್ ಉಡುಪಿನ ಈ ಮೂವರನ್ನು ನೋಡಲು ಪ್ಯಾರಿಸ್ಸಿನ ಜನ ಬೀದಿಗೆ, ತೋಟಕ್ಕೆ, ನಾಟಕದ ಮನೆಗೆ ಮುಗಿಬಿದ್ದರು.

ಆಗ ನಡೆದ ಒಂದು ಸಂಗತಿ ಈ ಪ್ರಶ್ನೆಯ ನಡುಮನೆಗೇ ಕರೆದೊಯ್ಯುತ್ತದೆ. ರಾಣಿಯ ಚಿತ್ರಗಾರ್ತಿ ಎಲಿಜಬೆತ್ ವಿಜೆ ಲ ಬ್ರುನ್ ಇವರ ಚಿತ್ರ ಬರೆಯಲು ಬಯಸಿದಳು. ಮನುಷ್ಯರೂಪ ಚಿತ್ರಿಸುವುದು ತಮಗೆ ಸಲ್ಲದೆಂದು ಇವರು ಹಿಂಜರಿದರು. ದೊರೆಯೇ ಕೇಳಿದರೆ ಆಗಬಹುದೆಂದರು, ದೊರೆ ಕೇಳಿದ. ದರ್ವೇಶ್ ಖಾನ್ ಕೈಯಲ್ಲಿ ಕತ್ತಿ ಹಿಡಿದು ನಿಂತ ಆಳೆತ್ತರದ ಚಿತ್ರ ಸಿದ್ಧವಾಯಿತು. ಆದರೆ ಅದನ್ನು ಅವನು ಮರಳಿ ಕೊಡಲೊಲ್ಲ. ತನ್ನ ಮಂಚದ ಹಿಂದೆ ಬಚ್ಚಿಟ್ಟ. ಯಾಕೆಂದರೆ ಇದಕ್ಕಿನ್ನೂ ಆತ್ಮ ಬೇಕು ಎಂದನಂತೆ. ಚಿತ್ರಗಾರ್ತಿ ಅವನ ಸೇವಕನನ್ನು ಒಲಿಸಿಕೊಂಡು ಅದನ್ನು ತರಿಸಿಕೊಂಡದ್ದು, ಅದು ತಿಳಿದು ಅವನು ಸೇವಕನ ಮೇಲೆ ಉರಿದೆದ್ದದ್ದು ಎಲ್ಲವನ್ನೂ ಅವಳು ತನ್ನ ನೆನಪುಗಳ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಅವಳ ಕಣ್ಣಿಗೆ ಅದೊಂದು ವಿಚಿತ್ರ ಹಟ. ದೇವನಹಳ್ಳಿಯಲ್ಲಿ ನಿಂತು ಯೋಚಿಸಿದರೆ ಅದರಲ್ಲಿ ವಿಚಿತ್ರವೇನೂ ಕಾಣದು. ನಾನು ಹೊರಟುಹೋಗುತ್ತೇನೆ, ನನ್ನ ರೂಪ ಈ ಊರಿನಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲುವುದರೊಳಗೆ ನಾನಿದ್ದೇನೆಯೆ, ಇಲ್ಲವೆ? ಪರಊರು ಬಿಡುವವರನ್ನು ಕಾಡುವ ಪ್ರಶ್ನೆ ಇದೇ ತಾನೆ.

ರಾಯಭಾರಿಗಳು ಆ ವರ್ಷವೇ ಫ್ರಾನ್ಸ್ ಬಿಟ್ಟು 1789ರ ಬೇಸಿಗೆಯಲ್ಲಿ ಹಿಂದಿರುಗಿದರು. ಕಂಡದ್ದನ್ನು ಹೊಗಳಿ ಹೊಗಳಿ ಹೇಳಿ ಸುಲ್ತಾನನ ಸಿಟ್ಟಿಗೆ ಗುರಿಯಾದರೆಂದು ಯುರೋಪಿನಲ್ಲಿ ಕಥೆ ಹಬ್ಬಿತು. ಕಥೆಗಿಂತ ತಾರೀಖು ಹೆಚ್ಚು ತಟ್ಟುತ್ತದೆ. ಅದೇ ವರ್ಷದ ಜುಲೈ 14ರಂದು ಬಾಸ್ಟೀಲ್ ಸೆರೆಮನೆ ಬಿತ್ತು. 1793ರ ಜನವರಿಯಲ್ಲಿ ಅವರನ್ನು ಎದುರುಗೊಂಡಿದ್ದ ದೊರೆಯ ತಲೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣವೂ ಬಿತ್ತು. ಮತ್ತೆ ಹೋಗಿದ್ದರೂ ಅವರು ಬಿಟ್ಟು ಬಂದ ಪ್ಯಾರಿಸ್ ಅಲ್ಲಿರುತ್ತಿರಲಿಲ್ಲ. ಚಿತ್ರ ಮಾತ್ರ ಉಳಿಯಿತು. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 70 ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಬಂತು.

ಫ್ರೆಂಚರು ಹೊರಡುವಾಗ ಹೇಳುವ "ಅದಿಯೂ" ಎಂಬ ಮಾತಿನ ಅರ್ಥ "ದೇವರಿಗೆ" ಎಂದು. ನಿನ್ನನ್ನು ದೇವರಿಗೆ ಒಪ್ಪಿಸಿದ್ದೇನೆ ಎಂಬ ಭಾವ. ಇಂಗ್ಲಿಷಿನ "ಗುಡ್‌ಬೈ" ಸವೆದು ಸವೆದು ಹೀಗಾಗುವ ಮೊದಲು "ದೇವರು ನಿಮ್ಮೊಡನಿರಲಿ" ಎಂಬ ಹಾರೈಕೆಯಾಗಿತ್ತು. ಹೊಸಕೋಟೆಯ, ದೇವನಹಳ್ಳಿಯ ಉರ್ದು ಮನೆಗಳಲ್ಲಿ ಕೇಳುವ "ಖುದಾ ಹಾಫಿಜ್" ಕೂಡ ದೇವರು ಕಾಯಲಿ ಎಂದೇ. ಮೂರು ಭಾಷೆಗಳೂ ಅಗಲುವ ಹೊತ್ತಿಗೆ ದೇವರನ್ನು ನಡುವೆ ತಂದು ನಿಲ್ಲಿಸುತ್ತವೆ. ಕನ್ನಡದ "ಹೋಗಿ ಬನ್ನಿ"ಯಲ್ಲಿ ದೇವರ ಹೆಸರಿಲ್ಲ. ಇಲ್ಲಿ ಕಾಯುವುದು ಮನೆಯೇ, ಹೊಸಿಲೇ. ಪರಊರಿನ ಮುಂದೆ ಕನ್ನಡಿಗನ ನಾಲಗೆ ತಡವರಿಸುವುದು ಇದಕ್ಕೇ ಇರಬೇಕು: ಕಾಯಲು ಅಲ್ಲಿ ಅವನ ಮನೆಯಿಲ್ಲ.

ಹಳೆಯ ಧರ್ಮಶಾಸ್ತ್ರ ಈ ತಡವರಿಕೆಗೆ ನೆರವಾಗುವುದಿಲ್ಲ. ಬೌಧಾಯನ ಧರ್ಮಸೂತ್ರದಲ್ಲಿ ಕಡಲಯಾನವೇ ಪತನಕ್ಕೆ ದಾರಿ. ಆ ನಿಷೇಧದ ನೆರಳು ಎಷ್ಟು ಉದ್ದವೆಂದರೆ, 2008ರಲ್ಲಿ ಉಡುಪಿಯ ಪರ್ಯಾಯದ ಹೊತ್ತಿಗೆ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶ ಪ್ರವಾಸ ಮಾಡಿದ್ದೇ ದೊಡ್ಡ ವಿವಾದವಾಯಿತು. ಕಡಲು ದಾಟಿ ಬಂದವರಿಗೆ ಶಾಸ್ತ್ರ ಕೊಟ್ಟದ್ದು ಪ್ರಾಯಶ್ಚಿತ್ತ. ಅಂದರೆ ಆ ಊರನ್ನು ಮೈಯಿಂದ ತೊಳೆದುಹಾಕುವುದು. ಗಾಂಧಿಯನ್ನೂ ಹಾಗೆ ತೊಳೆಯಲಾಯಿತು. 1891ರ ಜೂನ್ 12ರಂದು ಅವರು ಲಂಡನ್ ಬಿಟ್ಟರು. ಊರಿಗೆ ಮರಳಿದ ಮೇಲೆ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ನದಿಯಲ್ಲಿ ಮುಳುಗಿಸಿ ಶುದ್ಧಿ ಮಾಡಿಸಿದರು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಅದೇ ಗಾಂಧಿ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಗೆ ಬರೆದ ಪ್ರವಾಸದ ಲೇಖನದಲ್ಲಿ, ಆ ನಗರದ ವಿದ್ಯಾಸಂಸ್ಥೆಗಳನ್ನು, ವಸ್ತುಸಂಗ್ರಹಾಲಯಗಳನ್ನು, ಉದ್ಯಾನಗಳನ್ನು, ಸಸ್ಯಾಹಾರದ ಹೋಟೆಲುಗಳನ್ನು ನೆನೆದು, ಮೆಚ್ಚಿನ ಲಂಡನ್ ಬಿಡುವಾಗ ಆಳವಾದ ನೋವಾಯಿತೆಂದು ಹೇಳಿಕೊಂಡಿದ್ದರು. ಮುಂದೆ 1927ರ ಬೇಸಿಗೆಯಲ್ಲಿ ದೇವನಹಳ್ಳಿಗೆ ಹತ್ತಿರದ ನಂದಿ ಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದವರೂ ಅವರೇ. ಅಷ್ಟು ಹೊತ್ತಿಗೆ ಆ ಲಂಡನ್ನಿನ ಸರ್ಕಾರದ ಎದುರಾಳಿಯಾಗಿದ್ದರು. ಎದುರಾಳಿಯಾದದ್ದರಿಂದ ಹಳೆಯ ಪ್ರೀತಿ ಸುಳ್ಳಾಗಲಿಲ್ಲ. ಹೊಳೆಯಲ್ಲಿ ಮುಳುಗಿಸಿದರೆ ಹೋಗುವ ಬಣ್ಣವಲ್ಲ ಅದು.

ತೊಳೆಯುವ ಶಾಸ್ತ್ರಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅದು ಮೋಹದ್ದು. ಭಾಗವತದ ಭರತ ರಾಜ್ಯ, ಹೆಂಡತಿ, ಮಕ್ಕಳನ್ನೆಲ್ಲ ಬಿಟ್ಟು ಕಾಡು ಸೇರಿದ. ಅಲ್ಲಿ ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ಎತ್ತಿ ಸಾಕಿದ. ಸಾಯುವಾಗ ಮನಸ್ಸು ಅದರಲ್ಲೇ ನೆಟ್ಟು, ಮರುಜನ್ಮದಲ್ಲಿ ತಾನೇ ಜಿಂಕೆಯಾದ. ರಾಜ್ಯ ಬಿಡುವುದು ಅವನಿಗೆ ಕಷ್ಟವಾಗಲಿಲ್ಲ, ಮರಿಯನ್ನು ಬಿಡಲಾಗಲಿಲ್ಲ. ಪರಊರು ಬಿಡುವವರಿಗೆ ಈ ಕಥೆ ಒಳಗೇ ಅರ್ಥವಾಗುತ್ತದೆ. ಪ್ರಸಿದ್ಧ ಗೋಪುರ, ಅರಮನೆ, ಸೇತುವೆ ಎಲ್ಲವನ್ನೂ ಫೋಟೋದಲ್ಲಿ ಹಿಡಿದು ಬರಬಹುದು. ಕಿಟಕಿಯಾಚೆ ಚಳಿಗಾಲವೆಲ್ಲ ಬೋಳಾಗಿದ್ದು ಏಪ್ರಿಲ್‌ನಲ್ಲಿ ಚಿಗುರಿದ ಮರ, ಹೆಸರು ತಿಳಿಯದಿದ್ದರೂ ದಿನಾ ನಕ್ಕು ಬ್ರೆಡ್ಡು ಕಟ್ಟಿಕೊಟ್ಟ ಬೇಕರಿಯ ಹೆಂಗಸು, ಇವು ಜಿಂಕೆಮರಿಗಳು. ಹಾಗಾದರೆ ಇವನ್ನು ಮನಸ್ಸಿಗೆ ಹಚ್ಚಿಕೊಂಡದ್ದೇ ತಪ್ಪಾಯಿತೆ?

ಉತ್ತರವನ್ನು ಮೋಹ ಬಿಟ್ಟವರ ನಡವಳಿಕೆಯಲ್ಲೇ ಹುಡುಕುವುದು ನ್ಯಾಯ.

ಸಂನ್ಯಾಸಿಗೆ ಊರಿಲ್ಲ. ಅವನು ಒಂದೆಡೆ ನೆಲೆ ನಿಲ್ಲಬಾರದು. ಮಳೆಗಾಲದಲ್ಲಿ ಮಾತ್ರ, ಕಾಲಡಿಯ ಹುಳುಹುಪ್ಪಟೆಗೆ ಹಿಂಸೆಯಾಗದಿರಲೆಂದು, ಒಂದೂರಿನಲ್ಲಿ ಚಾತುರ್ಮಾಸ್ಯಕ್ಕೆ ಕೂರುತ್ತಾನೆ. ಪಕ್ಷವನ್ನೇ ಮಾಸವೆಂದು ಎಣಿಸಿ, ಆಷಾಢ ಹುಣ್ಣಿಮೆಯಿಂದ ಭಾದ್ರಪದ ಹುಣ್ಣಿಮೆಯವರೆಗೆ. ಕರ್ನಾಟಕದ ಮಠಗಳಲ್ಲಿ ಈ ವ್ರತ ಮುಗಿಯುವುದು ಸೀಮೋಲ್ಲಂಘನದಿಂದ: ಯತಿಗಳು ಊರಿನ ಗಡಿಯನ್ನೋ ಹತ್ತಿರದ ಹೊಳೆಯನ್ನೋ ವಿಧಿಪೂರ್ವಕವಾಗಿ ದಾಟುತ್ತಾರೆ. ಯಾವ ಊರೂ ತನ್ನದಲ್ಲ ಎಂದವನಿಗೂ ಎರಡು ತಿಂಗಳು ಉಂಡ ಊರನ್ನು ಬಿಡಲು ಒಂದು ಕರ್ಮ ಬೇಕಾಗಿದೆ ಎಂಬುದನ್ನು ಗಮನಿಸಬೇಕು. ಎದ್ದು ನಡೆದುಬಿಡು ಎಂದು ಶಾಸ್ತ್ರ ಹೇಳಲಿಲ್ಲ. ಗಡಿ ಎಲ್ಲಿದೆಯೆಂದು ನೋಡಿ ದಾಟು ಎಂದಿತು.

ಬುದ್ಧನ ಕಥೆ ಇನ್ನೂ ದೂರ ಹೋಗುತ್ತದೆ. ಇಪ್ಪತ್ತೊಂಬತ್ತರ ಸಿದ್ಧಾರ್ಥ ಕಪಿಲವಸ್ತುವನ್ನು ಬಿಟ್ಟದ್ದು ನಡುರಾತ್ರಿ, ಮಲಗಿದ್ದ ಹೆಂಡತಿಗೆ ಒಂದು ಮಾತು ಹೇಳದೆ. ನಮ್ಮ ಹೆಂಗಸರು ಈ ಕಥೆ ಕೇಳಿದಾಗ ಇಂದಿಗೂ ಮುನಿಸಿಕೊಳ್ಳುವುದು ಅವನು ಬಿಟ್ಟು ಹೋದದ್ದಕ್ಕಿಂತ ಹೇಳದೆ ಹೋದದ್ದಕ್ಕೆ. ಜಾತಕಕಥೆಗಳ ಪೀಠಿಕೆಯಲ್ಲಿ ಒಂದು ಸೊಗಸಾದ ವಿವರ ಬರುತ್ತದೆ. ಊರು ದಾಟಿದ ಮೇಲೆ ಅವನಿಗೆ ಒಮ್ಮೆ ಹಿಂದಿರುಗಿ ನೋಡುವ ಆಸೆಯಾಯಿತಂತೆ. ಅವನು ತಿರುಗುವಂತಾಗಬಾರದೆಂದು ಭೂಮಿಯೇ ಕುಂಬಾರನ ತಿಗರಿಯ ಹಾಗೆ ತಿರುಗಿ ಊರನ್ನು ಅವನ ಮುಂದೆ ತಂದಿತಂತೆ. ಮಹಾಪುರುಷ ಹಿಂದಿರುಗಿ ನೋಡಬಾರದು ಎಂಬ ನಿಯಮ ಒಂದು ಕಡೆ, ನೋಡಬೇಕೆಂಬ ಆಸೆ ಇನ್ನೊಂದು ಕಡೆ. ಕಥೆಗಾರ ಎರಡನ್ನೂ ಬಿಡಲಾರದೆ ಭೂಮಿಯನ್ನೇ ತಿರುಗಿಸಿದ.

ಐವತ್ತು ವರ್ಷ ಕಳೆದವು. ಎಂಬತ್ತರ ಬುದ್ಧ ವೈಶಾಲಿಯಲ್ಲಿದ್ದಾನೆ. ಅದು ಅವನ ಊರಲ್ಲ, ಲಿಚ್ಛವಿಗಳ ನಗರ. ಅಂಬಪಾಲಿ ತನ್ನ ಮಾವಿನ ತೋಪನ್ನು ಸಂಘಕ್ಕೆ ಕೊಟ್ಟ ಊರು. ಕೊನೆಯ ಮಳೆಗಾಲವನ್ನು ಅವನು ಅದರ ಪಕ್ಕದ ಬೇಲುವ ಎಂಬ ಹಳ್ಳಿಯಲ್ಲಿ ಕಾಯಿಲೆಯಲ್ಲೇ ಕಳೆದಿದ್ದ. ಮಹಾಪರಿನಿಬ್ಬಾಣ ಸುತ್ತದ ಪ್ರಕಾರ, ಮುಂದೊಂದು ದಿನ ಚಾಪಾಲ ಚೈತ್ಯದ ಬಳಿ ಕೂತು ಆನಂದನ ಜೊತೆ ಮಾತಾಡುತ್ತ ಆ ನಗರ ಎಷ್ಟು ಚೆಂದವೆಂದ. ಉದೇನ, ಗೋತಮಕ, ಸತ್ತಂಬ, ಬಹುಪುತ್ತ, ಸಾರಂದದ, ಚಾಪಾಲ ಎಂದು ಅಲ್ಲಿನ ಚೈತ್ಯಗಳನ್ನು ಒಂದೊಂದಾಗಿ ಹೆಸರು ಹಿಡಿದು ಮೆಚ್ಚಿದ. ಊರನ್ನು ಪ್ರೀತಿಸಿದವರು ಮಾಡುವುದೇ ಇದನ್ನು. ಅದರ ಜಾಗಗಳ ಹೆಸರು ಹೇಳುತ್ತಾರೆ. ಹೊರಡುವ ದಿನ ಬೆಳಿಗ್ಗೆ ಭಿಕ್ಷೆ ಮುಗಿಸಿ, ದಾರಿಯಲ್ಲಿ ನಿಂತು, ಆನೆ ತಿರುಗುವ ಹಾಗೆ ಇಡೀ ಮೈಯನ್ನು ತಿರುಗಿಸಿ ವೈಶಾಲಿಯನ್ನು ನೋಡಿದ. ಆನೆಗೆ ಕತ್ತು ಮಾತ್ರ ಹೊರಳಿಸಿ ಓರೆನೋಟ ಬೀರಲು ಬಾರದು. ನೋಡಬೇಕೆಂದರೆ ಪೂರ್ತಿ ತಿರುಗಬೇಕು. ವೈಶಾಲಿಯನ್ನು ತಾನು ನೋಡುವುದು ಇದೇ ಕೊನೆಯೆಂದು ಆನಂದನಿಗೆ ತಿಳಿಸಿದ. ಆಮೇಲೆ ಮುಂದೆ ನಡೆದ.

ಮೋಹವನ್ನು ಬೇರುಸಹಿತ ಕಿತ್ತವನೆಂದು ಜಗತ್ತು ನಂಬಿದ ಮನುಷ್ಯ ಹೀಗೆ ತಿರುಗಿ ನೋಡಿದ್ದಾನೆ. ಮರಳಿ ಬರುತ್ತೇನೆಂಬ ಸುಳ್ಳು ಅಲ್ಲಿಲ್ಲ. ನೋಡದೆ ನಡೆದುಬಿಡುವ ಬಿರುಸೂ ಇಲ್ಲ. ಯೌವನದಲ್ಲಿ ಹೇಳದೆ ಹೋದವನು ಮುಪ್ಪಿನಲ್ಲಿ ಹೇಳಿ ಹೋಗುವುದನ್ನು ಕಲಿತ ಎಂದು ಓದಿದರೆ ಪಂಡಿತರು ಒಪ್ಪದಿರಬಹುದು. ಆದರೆ ಭರತನ ಜಿಂಕೆಮರಿಗೂ ಬುದ್ಧನ ವೈಶಾಲಿಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಭರತನ ಪ್ರೀತಿಗೆ ಕೊನೆಯ ನೋಟ ಎಂಬುದಿರಲಿಲ್ಲ, ಕಣ್ಣು ಅದರಲ್ಲೇ ನೆಟ್ಟುಹೋಯಿತು. ಪೂರ್ತಿ ತಿರುಗಿ, ಪೂರ್ತಿ ನೋಡಿದವನು ಮುಂದೆ ಕಾಲಿಡಬಲ್ಲ.

ಹೀಗೆ ಊರಿಗೆ ಹೇಳಿ ಹೊರಡುವುದನ್ನು ಕಡ್ಡಾಯವನ್ನಾಗಿಯೇ ಮಾಡಿದ ಧರ್ಮವೂ ಉಂಟು, ಅದರ ಯಾತ್ರಿಕರು ದೇವನಹಳ್ಳಿಯಿಂದಲೇ ವಿಮಾನ ಹತ್ತುತ್ತಾರೆ. ಹಜ್‌ಗೆ ಹೊರಡುವವರು ಯಲಹಂಕದ ಕಡೆ ತಿರುಮೇನಹಳ್ಳಿಯ ಹಜ್ ಭವನದಲ್ಲಿ ಸೇರಿ ಅಲ್ಲಿಂದ ನಿಲ್ದಾಣಕ್ಕೆ ಬರುತ್ತಾರೆ. ಅದಕ್ಕೂ ಮುಂಚೆ ಹೊಸಕೋಟೆಯಲ್ಲೋ ದೇವನಹಳ್ಳಿ ಕಡೆಯ ವಿಜಯಪುರದಲ್ಲೋ ತಮ್ಮ ಬೀದಿಯ ಮನೆಮನೆಗೆ ಹೋಗಿ, ಕೊಡಬೇಕಾದ ಸಾಲ ಕೊಟ್ಟು, ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಿಕೊಂಡು ಬರುತ್ತಾರೆ. ಋಣ ಎಂಬ ಮಾತು ಇಲ್ಲಿ ಅಕ್ಷರಶಃ ನಡೆಯುತ್ತದೆ. ಮೆಕ್ಕಾ ಅವರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆ ಮಾತ್ರ ಕಾಣುವ ಪರದೇಶದ ಊರು. ಆ ಊರಿನಲ್ಲಿ ಅವರ ಕೊನೆಯ ಕೆಲಸ ತವಾಫೆ ವಿದಾ, ಬೀಳ್ಕೊಳ್ಳುವ ಪ್ರದಕ್ಷಿಣೆ. ಕಾಬಾದ ಸುತ್ತ ಏಳು ಸುತ್ತು. ಹೊರಗಿನಿಂದ ಬಂದ ಹಾಜಿಗೆ ಹನಫಿ, ಶಾಫಿ, ಹಂಬಲಿ ಪಂಥಗಳಲ್ಲಿ ಇದು ಮಾಡಲೇಬೇಕಾದ ವಿಧಿ. ಬಿಟ್ಟರೆ ಬಲಿ ಕೊಟ್ಟು ಪರಿಹಾರ ಮಾಡಿಕೊಳ್ಳಬೇಕು. ಮುಟ್ಟಾದ ಹೆಂಗಸರಿಗೆ ವಿನಾಯಿತಿಯಿದೆ. ಪ್ರದಕ್ಷಿಣೆ ಮುಗಿದ ಮೇಲೆ ಸುಮ್ಮನೆ ಊರಿನಲ್ಲಿ ತಂಗುವಂತಿಲ್ಲ, ಬಸ್ಸು ಹತ್ತಬೇಕು.

ಅಲ್ಲಿ ಒಂದು ದೃಶ್ಯ ನಡೆಯುತ್ತದೆ. ಪ್ರದಕ್ಷಿಣೆ ಮುಗಿಸಿದ ಅನೇಕರು ಕಾಬಾಕ್ಕೆ ಬೆನ್ನು ಹಾಕಲಾರದೆ, ಅದನ್ನೇ ನೋಡುತ್ತ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾರೆ. ಹಾಗೆ ನಡೆಯುವ ಪದ್ಧತಿ ಪ್ರವಾದಿಯವರಿಂದ ಬಂದದ್ದಲ್ಲ, ಸಹಜವಾಗಿ ತಿರುಗಿ ಹೊರಡಿ ಎಂದು ವಿದ್ವಾಂಸರು ತಿಳಿಹೇಳುತ್ತಾರೆ. ವಿದ್ವಾಂಸರ ಮಾತೂ ಸರಿ, ಹಿಂದಕ್ಕೆ ನಡೆಯುವ ಮುದುಕಿಯ ಕಾಲೂ ಸುಳ್ಳಲ್ಲ. ಅವಳ ಬಾಯಲ್ಲಿ ಆಗ ಇರುವ ಬೇಡಿಕೆ, ಮತ್ತೊಮ್ಮೆ ಕರೆಸಿಕೋ ಎಂದು. ಬುಲಾವಾ ಬಂದರೆ ಮಾತ್ರ ಅಲ್ಲಿಗೆ ಹೋಗಲಾದೀತೆಂದು ನಮ್ಮ ಕಡೆಯ ಮುಸ್ಲಿಮರು ಹೇಳುತ್ತಾರೆ. ಬುಲಾವಾ ಎಂದರೆ ಕರೆ. ಕನ್ನಡದ "ಹೋಗ್ಬರ್ತೀನಿ"ಗೆ ಇಲ್ಲೊಂದು ಬಿಡುಗಡೆ ಸಿಗುತ್ತದೆ. ಬರುತ್ತೇನೆ ಎಂದು ಮಾತು ಕೊಟ್ಟರೆ ನಡೆಸಿಕೊಡುವ ಭಾರ ಹೇಳಿದವನ ಮೇಲೆ. ಕರೆಸಿಕೋ ಎಂದು ಬೇಡಿದರೆ ಭಾರ ಮೇಲಿನವನದು. ಮರಳಲಾರದ ಊರಿನ ಮುಂದೆ ನಿಂತು "ಹೋಗ್ಬರ್ತೀನಿ" ಎಂದವರ ಮಾತನ್ನೂ ಹೀಗೆ ಬೇಡಿಕೆಯೆಂದು ಕೇಳಿಸಿಕೊಂಡರೆ ಅದು ಸುಳ್ಳಾಗದು.

ಹಿಂದಿರುಗಿ ನೋಡುವುದಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಒಬ್ಬ ದೇವರಿದ್ದಾನೆ. ಘಾಟಿ ಕ್ಷೇತ್ರದ ಗರ್ಭಗುಡಿಯಲ್ಲಿ ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದಾನೆ. ಅದೇ ವಿಗ್ರಹದ ಬೆನ್ನಿಗೆ, ಪಶ್ಚಿಮಕ್ಕೆ ಮುಖ ಮಾಡಿ ನರಸಿಂಹ. ಮುಂದೆ ನಿಂತ ಭಕ್ತರಿಗೆ ನರಸಿಂಹ ನೇರವಾಗಿ ಕಾಣುವುದಿಲ್ಲ. ಹಿಂದೆ ಕನ್ನಡಿ ನಿಲ್ಲಿಸಿದ್ದಾರೆ, ಅದರಲ್ಲಿ ನೋಡಬೇಕು. ನಾಗಪ್ರತಿಷ್ಠೆಗೆಂದು, ದನಗಳ ಜಾತ್ರೆಗೆಂದು ಬಂದವರು ಸಾಲಿನಲ್ಲಿ ಕತ್ತು ನೀಳಿಸಿ, ದೀಪ ಅಲುಗಿದಾಗ ಕನ್ನಡಿಯೊಳಗೆ ಮಿಂಚಿ ಮರೆಯಾಗುವ ಆ ಮುಖವನ್ನು ಹುಡುಕುತ್ತಾರೆ. ಬಿಟ್ಟು ಬಂದ ಊರೂ ಹಾಗೆಯೇ ಇರುತ್ತದೆ, ಇರುವ ಊರಿನ ಬೆನ್ನಿಗೆ ಅಂಟಿಕೊಂಡು. ಕಾದಂಬರಿಕಾರ ಯು.ಆರ್. ಅನಂತಮೂರ್ತಿ 1963ರಿಂದ 1966ರವರೆಗೆ ಬರ್ಮಿಂಗ್ಹ್ಯಾಮಿನಲ್ಲಿದ್ದರು. ಬೆರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರ ನೋಡಿದ ಮೇಲೆ, ಆ ಇಂಗ್ಲಿಷ್ ನಗರದಲ್ಲಿ ಕೂತು ಮಲೆನಾಡಿನ ಅಗ್ರಹಾರವೊಂದರ ಕಥೆ ಬರೆದರು. 1965ರಲ್ಲಿ ಬಂದ 'ಸಂಸ್ಕಾರ' ಶುರುವಾಗುವುದೇ ಹೋದವನೊಬ್ಬನನ್ನು ಕ್ರಮವಾಗಿ ಕಳುಹಿಸಿಕೊಡುವುದು ಹೇಗೆಂಬ ಬಿಕ್ಕಟ್ಟಿನಿಂದ. ಬರ್ಮಿಂಗ್ಹ್ಯಾಮ್ ಅವರಿಗೆ ಕನ್ನಡಿಯಾಯಿತು. ಮರಳಿ ಬಂದವರಿಗೆ ಊರೇ ಕನ್ನಡಿಯಾಗುವುದೂ ಉಂಟು.

ಡ್ರೆಸ್ಡನ್ನಿನ ಹುಡುಗಿಯ ಲೆಕ್ಕ ಹಾಗೇ ಉಳಿದಿದೆ. ಅವಳ ಕೊನೆಯ ವಾರವನ್ನು ಊಹಿಸುವುದು ಕಷ್ಟವಲ್ಲ, ಹಾಗೆ ಬಂದವರೆಲ್ಲ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಸೂಟ್‌ಕೇಸಿಗೆ 23 ಕಿಲೋ ಮಿತಿ. ತೂಗುವುದು, ತೆಗೆಯುವುದು, ಮತ್ತೆ ತೂಗುವುದು. ಊರಿನ ನಡುವಿನ ಫ್ರೌಯೆನ್‌ಕಿರ್ಶೆ ಚರ್ಚಿನ ಮುಂದೆ ಇನ್ನೊಮ್ಮೆ ನಿಲ್ಲುತ್ತಾಳೆ. 1945ರ ಫೆಬ್ರವರಿಯ ಬಾಂಬ್ ದಾಳಿಯ ಬೆಂಕಿಯಲ್ಲಿ ಬೆಂದು ಕುಸಿದು, ಅರುವತ್ತು ವರ್ಷ ಕಳೆದು 2005ರ ಅಕ್ಟೋಬರ್ 30ರಂದು ಮತ್ತೆ ಪ್ರತಿಷ್ಠೆಯಾದ ಚರ್ಚು ಅದು. ಹೊಸ ಮರಳುಗಲ್ಲಿನ ನಡುವೆ ಹಳೆಯ ಸುಟ್ಟ ಕಲ್ಲುಗಳನ್ನು ಕಪ್ಪಗೆ ಹಾಗೇ ಕೂರಿಸಿದ್ದಾರೆ. ಹೋಗಿ ಬಂದ ಊರು ಎಂದರೆ ಅದೇ.

ಆಮೇಲೆ ಕೋಣೆ ಖಾಲಿ ಮಾಡುವ ಕೆಲಸ. ದೊಡ್ಡಬಳ್ಳಾಪುರದಿಂದ ಹೊತ್ತು ತಂದಿದ್ದ ಮೂರು ಲೀಟರಿನ ಕುಕ್ಕರು, ತಳದಲ್ಲಿ ಉಳಿದ ಸಾರಿನ ಪುಡಿ, ಅರ್ಧ ಚೀಲ ಅಕ್ಕಿ, ಇವನ್ನು ಮುಂದಿನ ವರ್ಷ ಓದಲು ಬಂದ ಹುಡುಗಿಗೆ ಕೊಡುತ್ತಾಳೆ. ಅವಳೂ ಅದೇ ಕುಕ್ಕರಿನಲ್ಲಿ ಯಾರಿಗೋ ಅನ್ನ ಇಡುತ್ತಾಳೆ. ಶತಪಥ ಬ್ರಾಹ್ಮಣದ ನಾಲ್ಕನೆಯ ಋಣ ತೀರುವುದು ಹೀಗೇ ಅಲ್ಲವೆ, ಬಂದವರಿಗೆ ಜಾಗ ಕೊಟ್ಟು, ಉಣ್ಣಲಿಟ್ಟು? ತವರಿನಿಂದ ಹೊರಡುವ ಮಗಳಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ ಹಾಕಿ ಮಡಿಲು ತುಂಬಿದಾಗ, ಕೆಲವು ಮನೆಗಳಲ್ಲಿ ಅವಳು ಆ ಅಕ್ಕಿಯಿಂದ ಒಂದು ಹಿಡಿ ತೆಗೆದು ಮನೆಯೊಳಗೇ ಬಿಟ್ಟು ಹೊರಡುತ್ತಾಳೆ, ತವರು ಬರಿದಾಗದಿರಲೆಂದು. ಡ್ರೆಸ್ಡನ್ನಿನ ಕೋಣೆಯಲ್ಲಿ ಉಳಿದ ಅರ್ಧ ಚೀಲ ಅಕ್ಕಿಯನ್ನು ಅವಳು ಹಾಗೆಂದುಕೊಂಡು ಕೊಟ್ಟಿರಲಿಕ್ಕಿಲ್ಲ. ಕೈ ಮಾತ್ರ ಆ ಮಡಿಲಿನ ಅಭ್ಯಾಸದ್ದೇ.

ಬೇಕರಿಗೆ ಹೋಗುವುದನ್ನು ಅವಳು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದಳು. ನಾಳೆ ನನ್ನ ಊರಿಗೆ ಹೋಗುತ್ತಿದ್ದೇನೆ ಎನ್ನಲು ಬೇಕಾದಷ್ಟು ಜರ್ಮನ್ ಅವಳಿಗೆ ಬರುತ್ತಿತ್ತು. ಬೇಕರಿಯ ಹೆಂಗಸು ಕೈ ಒರೆಸಿಕೊಂಡು ಕೌಂಟರಿನ ಈಚೆಗೆ ಬಂದು ಕೈ ಕುಲುಕಿದಳು, ಹೆಸರೇನೆಂದು ಎರಡು ವರ್ಷದಲ್ಲಿ ಮೊದಲ ಸಲ ಕೇಳಿದಳು.

ದೇವನಹಳ್ಳಿಯಲ್ಲಿ ಇಳಿದಾಗ ನಡುರಾತ್ರಿ. ಕಾರು ದೊಡ್ಡಬಳ್ಳಾಪುರದ ರಸ್ತೆ ಹಿಡಿದು ಮನೆ ಮುಟ್ಟುವ ಹೊತ್ತಿಗೆ ಬೀದಿಯಲ್ಲಿ ಯಾವುದೋ ಮನೆಯ ಮಗ್ಗ ಇನ್ನೂ ಓಡುತ್ತಿತ್ತು. ಬಾಗಿಲಲ್ಲಿ ನಿಲ್ಲಿಸಿ, ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರು ನಿವಾಳಿಸಿ ಬೀದಿಗೆ ಚೆಲ್ಲಿದರು. ಕಾಲು ತೊಳೆದು ಒಳಗೆ ಬಂದವಳನ್ನು ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದು ಮುಖ ನೋಡಿದಳು. ಊಟ ಆಯ್ತಾ ಎನ್ನಲಿಲ್ಲ, ಇಷ್ಟೊಂದು ಸಣ್ಣಗಾಗಿದ್ದೀಯ ಎನ್ನಲಿಲ್ಲ.

"ಅಲ್ಲಿ ಎಲ್ಲಾರ್ಗೂ ಹೇಳಿ ಬಂದೇನವ್ವ?" ಎಂದಳು.